ಮುಳ್ಳಿನ ಮೀಟರು, ಅಂಕಿಯ ಮೀಟರು

ಮೊನ್ನೆ ಬೈಲಹೊಂಗಲದಲ್ಲಿ ನಮ್ಮ ಡಾಕ್ಟರರು ನನ್ನ ತೋಳಿಗೆ ಪಟ್ಟಿ ಸುತ್ತಿ, ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತಿದರು. ಪಟ್ಟಿ ಗುರ್ರೆಂದು ಉಬ್ಬಿತು, ಇಳಿಯಿತು. ಪೆಟ್ಟಿಗೆ ಎರಡು ಸಲ ಕೂಗಿ ಅಂಕಿ ತೋರಿಸಿತು. ಸುಮ್ಮನೆ ಎದ್ದು ಬರಬಹುದಿತ್ತು. ಬರಲಿಲ್ಲ.

"ಡಾಕ್ಟ್ರ, ಮುಳ್ಳಿಂದು ಇಲ್ಲೇನ್ರಿ?" ಎಂದು ಕೇಳಿಬಿಟ್ಟೆ.

"ಇದೂ ಛಲೋನ ಐತ್ರಿ ಈರಣ್ಣಾರ. ಹೊಸಾದು."

"ಹೊಸಾದು ಐತಿ ಅಂತನ ಕೇಳಿದ್ನಿರಿ."

ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಸುಮಂಗಲಾ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮುಳ್ಳಿಂದ್ರಾಗೂ ಒಮ್ಮೆ ನೋಡಿಬಿಡ್ರಿ ಡಾಕ್ಟ್ರ. ಇಲ್ಲಂದ್ರ ಆ ಚಿಂತಿಗೇ ಇವ್ರ ಬೀಪಿ ಏರತೈತಿ" ಎಂದಳು. ಪಾಪ, ಅವರು ಕಪಾಟಿನೊಳಗೆ ಕೈಹಾಕಿ ಹಳೆಯ ದುಂಡು ಮೀಟರು ಹುಡುಕಿ ತೆಗೆದರು, ರಬ್ಬರಿನ ಚೆಂಡು ಒತ್ತಿದರು, ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಆಲಿಸಿದರು. ಎರಡೂ ಒಂದೇ ಮಾತು ಹೇಳಿದವು. ಉಪ್ಪಿನಕಾಯಿ ಬಿಡಬೇಕಂತೆ.

ಇದನ್ನು ಓದಿ ನನ್ನನ್ನು ಹಳೇ ಕಾಲದ ಗಿರಾಕಿ ಎಂದುಕೊಂಡೀರಿ. ಅಲ್ಲವೇ ಅಲ್ಲ. ತೊಂಬತ್ತರ ದಶಕದಲ್ಲಿ ಬೈಲಹೊಂಗಲ ಪೇಟೆಯಲ್ಲಿ ನನ್ನಷ್ಟು ಹೊಸ ಕಾಲದ ಮನುಷ್ಯ ಇನ್ನೊಬ್ಬನಿರಲಿಲ್ಲ, ಕನಿಷ್ಠ ನನ್ನ ಲೆಕ್ಕದಲ್ಲಿ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದೆ. ಬೋರ್ಡಿನ ಮೇಲೆ 'ಎಲೆಕ್ಟ್ರಾನಿಕ್ಸ್ ತಜ್ಞ' ಎಂದು ಬರೆಯಲು ಹೇಳಿದ್ದರೆ ಪೇಂಟರ್ 'ತಗ್ನ' ಎಂದು ಬರೆದಿದ್ದ. ಎರಡು ವರ್ಷ ಅದು ಹಾಗೆಯೇ ಇತ್ತು. ಒಬ್ಬರೂ ತಪ್ಪು ಹಿಡಿಯಲಿಲ್ಲ. ಅದೂ ಇಂಗ್ಲಿಷ್ ಶಬ್ದವೇ ಇರಬೇಕೆಂದು ಜನ ತಿಳಿದಿದ್ದರಂತೆ.

ಮುಳ್ಳು ಇರುವ ಯಾವ ಯಂತ್ರ ಕಂಡರೂ ನನಗೆ ಆಗ ಕನಿಕರ. ನಾನು ಹುಟ್ಟಿ ಬೆಳೆದದ್ದು ರಾಮದುರ್ಗದಲ್ಲಿ. ಅಲ್ಲಿ ನಮ್ಮಪ್ಪ ಸೈಕಲ್ಲಿನ ಗಾಳಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ "ಯರಗಟ್ಟಿತನಕಾ ಹೋಕ್ಕೈತಿ, ವಾಪಸ್ ಬರೂದು ದೇವರಿಗೆ ಬಿಟ್ಟಿದ್ದು" ಎನ್ನುತ್ತಿದ್ದ. ಅವ್ವ ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅವು ಕುಣಿಯುವ ರೀತಿ ನೋಡಿ ರೊಟ್ಟಿ ಹಾಕುತ್ತಿದ್ದಳು. ಇವರಿಗೆಲ್ಲ ಕರಾರುವಾಕ್ಕಾಗಿ ಏನೂ ಗೊತ್ತಿಲ್ಲವಲ್ಲ ಎಂದು ನನಗೆ ಮರುಕ. ಮದುವೆಯಾದ ವರ್ಷವೇ ಮಾವನವರು ಕೊಟ್ಟ ಲೋಲಕದ ಗಡಿಯಾರ ಇಳಿಸಿ, ಕೆಂಪು ಅಂಕಿಗಳ ಗಡಿಯಾರವನ್ನು ಸ್ವತಃ ಜೋಡಿಸಿ ಗೋಡೆಗೆ ಹಾಕಿದೆ. ಆಗ ಕರೆಂಟು ದಿನಕ್ಕೆ ಆರು ಸಲ ಹೋಗಿ ಬರುತ್ತಿತ್ತು. ಬಂದಾಗಲೆಲ್ಲ ಗಡಿಯಾರ ಹನ್ನೆರಡು ಗಂಟೆ ತೋರಿಸುತ್ತ ಕಣ್ಣು ಮಿಟುಕಿಸುತ್ತ ನಿಲ್ಲುತ್ತಿತ್ತು. ರಾಮದುರ್ಗದಿಂದ ಬಂದಿದ್ದ ಅವ್ವ ಎರಡು ದಿನ ನೋಡಿ, "ಎಪ್ಪಾ, ನಿನ್ನ ಮನ್ಯಾಗ ಯಾವಾಗ ನೋಡಿದ್ರೂ ಹನ್ನೆರಡಾ ಬಡದಿರತೈತಲ್ಲೋ" ಎಂದಳು. ನಮ್ಮ ಕಡೆ ಆ ಮಾತಿಗೆ ಮನೆ ಮುಳುಗಿತೆಂಬ ಅರ್ಥವೂ ಇದೆ. ಸುಮಂಗಲಾ ಅದನ್ನು ಒಂದು ವಾರ ಆಡಿಕೊಂಡಳು.

ಇಂಥ ನನ್ನ ಅಂಗಡಿಗೆ ಒಂದು ದಿನ ರಾಜೇಸಾಬರು ಬಂದರು. ಮುರಗೋಡದವರು, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು. ನೌಕಾಪಡೆಯಲ್ಲಿ ಹದಿನೈದು ವರ್ಷ ನೀರಿನೊಳಗೆ ಮುಳುಗಿ ಹಡಗಿನ ತಳ ನೋಡುವ ಕೆಲಸ ಮಾಡಿ, ಪಿಂಚಣಿ ಪಡೆದು ಊರಿಗೆ ಮರಳಿದ್ದರು. ನೀರೊಳಗೆ ಉರಿಯುವ ಒಂದು ಟಾರ್ಚನ್ನು ರಿಪೇರಿಗೆ ತಂದಿದ್ದರು. ಅಂಥದ್ದನ್ನು ನಾನು ಕಂಡೇ ಇರಲಿಲ್ಲ. ಎರಡು ದಿನ ಇಟ್ಟುಕೊಂಡು ರಿಪೇರಿ ಮಾಡಿಕೊಟ್ಟೆ, ಎಷ್ಟು ಹೇಳಿದರೂ ಹಣ ಬೇಡವೆಂದು ಗೆಳೆತನವನ್ನು ಮಾತ್ರ ತೆಗೆದುಕೊಂಡೆ.

ಮುಂಬಯಿಯ ಹಳೇ ಸಾಮಾನಿನ ಪೇಟೆಯಿಂದ ಅವರು ಡೈವಿಂಗಿನ ಎರಡು ಸೆಟ್ಟು ತಂದಿಟ್ಟುಕೊಂಡಿದ್ದರು: ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಬಾಯಲ್ಲಿ ಕಚ್ಚುವ ಉಸಿರಾಟದ ನಳಿಗೆ, ಮುಖಕ್ಕೆ ಕನ್ನಡಿ. ಸುತ್ತಲ ಹಳ್ಳಿಗಳಲ್ಲಿ ಬಾವಿಗೆ ಬಿದ್ದ ಮೋಟರು, ಪೈಪು, ಒಮ್ಮೊಮ್ಮೆ ಬಂಗಾರದ ಸರ, ಎಲ್ಲವನ್ನೂ ಎತ್ತಿಕೊಡುತ್ತಿದ್ದರು. ನನಗೆ ಚಿಕ್ಕಂದಿನಿಂದ ಈಜಿನ ಹುಚ್ಚು. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತವನು. ಒಂದು ಬೇಸಿಗೆಯಿಡೀ ಮುರಗೋಡದ ಅವರ ಹೊಲದ ಬಾವಿಯಲ್ಲಿ ನನಗೆ ಪಾಠ ನಡೆಯಿತು. ಹೀಗೆ ಬಯಲುಸೀಮೆಯ ಒಬ್ಬ ಟೀವಿ ರಿಪೇರಿಯವನು ಮುಳುಗುಗಾರನಾದ. ಸುಮಂಗಲಾ ತವರಿಗೆ ಫೋನು ಮಾಡಿ "ಭೂಮಿ ಮ್ಯಾಲಿನ ರಿಪೇರಿ ಎಲ್ಲಾ ಮುಗದಾವಂತ, ಈಗ ನೀರಾಗಿಂದು ಸುರು ಮಾಡ್ಯಾರ" ಎಂದು ತಿಳಿಸಿದಳು.

ಸಿಲಿಂಡರಿನಿಂದ ಬರುವ ಒಂದು ಗಟ್ಟಿ ಕೊಳವೆಯ ತುದಿಗೆ ಹಿತ್ತಾಳೆಯ ದುಂಡು ಮೀಟರು ಇರುತ್ತದೆ. ಬೆನ್ನಮೇಲೆ ಎಷ್ಟು ಗಾಳಿ ಉಳಿದಿದೆ ಎಂದು ಅದು ಹೇಳುತ್ತದೆ. ತುಂಬಿದ್ದಾಗ ಮುಳ್ಳು ಇನ್ನೂರರ ಮೇಲೆ, ಐವತ್ತರ ಕೆಳಗೆ ಕೆಂಪು ಬಣ್ಣ. ಮುಳ್ಳು ಕೆಂಪಿನ ಹತ್ತಿರ ಬಂತೆಂದರೆ ತಳದಲ್ಲಿ ಕೊಪ್ಪರಿಗೆ ಹೊನ್ನು ಕಂಡರೂ ಬಿಟ್ಟು ಮೇಲೆ ಬರಬೇಕು. ಒಂದು ಮಳೆಗಾಲದಲ್ಲಿ ನನ್ನ ಸೆಟ್ಟಿನ ಮೀಟರು ಕೆಟ್ಟಿತು. ಸಿಲಿಂಡರು ಬರಿದಾದರೂ ಮುಳ್ಳು ಮೂವತ್ತರ ಮೇಲೆ ಹಟ ಹಿಡಿದು ಕೂತಿತು. ಸಿಲಿಂಡರಿಗೆ ಗಾಳಿ ತುಂಬಿಸಲು ಹೇಗಿದ್ದರೂ ನಾವು ಗೋವಾಕ್ಕೆ ಹೋಗಬೇಕಿತ್ತು. ಅಲ್ಲಿಯೇ ಹೊಸ ಮೀಟರು ಕೊಂಡರಾಯಿತೆಂದು ಹೊರಟೆವು.

ಅಂಗಡಿಯ ಮುದುಕ ಎರಡನ್ನು ನಮ್ಮ ಮುಂದಿಟ್ಟ. ಒಂದು ಅದೇ ಹಳೇ ನಮೂನೆಯ ಮುಳ್ಳಿನದು. ಇನ್ನೊಂದನ್ನು ಕಂಡು ನನ್ನ ಬಾಯಲ್ಲಿ ನೀರೂರಿತು. ಕೊಳವೆಯೇ ಇಲ್ಲ! ಸಿಲಿಂಡರಿನ ಬಳಿ ಹೆಬ್ಬೆರಳಿನಷ್ಟು ಒಂದು ಗುಬಟು. ಅದು ತಂತಿಯಿಲ್ಲದೆ ಸುದ್ದಿ ಕಳಿಸುತ್ತದೆ, ಮಣಿಕಟ್ಟಿನ ಗಡಿಯಾರದಂಥ ಪೆಟ್ಟಿಗೆಯಲ್ಲಿ ಅಂಕಿ ಮೂಡುತ್ತದೆ. ನೂರಾ ಮೂವತ್ತೇಳು ಎಂದರೆ ನೂರಾ ಮೂವತ್ತೇಳೇ.

"ಮುಳ್ಳಿಂದು ತಗೋ ಈರಣ್ಣ" ಎಂದರು ರಾಜೇಸಾಬರು.

"ಯಾಕ್ರಿ ಭಾಯಿ? ಇದ್ರಾಗ ಕರೆಕ್ಟ್ ಅಂಕಿ ಬರತೈತಿ."

"ನೀರಾಗ ನೂರಾ ಮೂವತ್ತೇಳಕ್ಕೂ ನೂರಾ ನಲವತ್ತಕ್ಕೂ ಏನ ಫರಕ್ ಐತೋ ಮಾರಾಯಾ? ಮುಳ್ಳು ಎಲ್ಲಿ ನಿಂತೈತಿ, ಎಷ್ಟ ಜಲ್ದಿ ಇಳ್ಯಾಕತ್ತೈತಿ, ಅಷ್ಟ ಗೊತ್ತಾದ್ರ ಸಾಕು. ಮುಳ್ಳಿಗೆ ಸೆಲ್ ಬ್ಯಾಡ, ಏನ ಬ್ಯಾಡ."

"ನಿಮ್ಮ ಮುಳ್ಳೂ ಕೆಡಲಿಲ್ಲೇನ್ರಿ ಮತ್ತ? ಮೂವತ್ತರ ಮ್ಯಾಲ ಕುಂತ ಬಿಡ್ತಲ್ಲ."

"ಕೆಟ್ಟಿತು. ಕೆಟ್ಟೇನಿ ಅಂತ ಗೊತ್ತಾಗೂ ಹಂಗ ಕೆಟ್ಟಿತು."

ಅಂಗಡಿಯ ಮುದುಕ ನನ್ನನ್ನೂ ಅವರನ್ನೂ ನೋಡಿ, ಅನುಕೂಲವಿದ್ದವರು ಎರಡನ್ನೂ ಇಟ್ಟುಕೊಳ್ಳುತ್ತಾರೆ ಎಂದ. ಎಲೆಕ್ಟ್ರಾನಿಕ್ಸ್ ತಗ್ನನಿಗೆ ಎರಡು ಯಾಕೆ ಬೇಕು? ನಾನು ಅಂಕಿಯದನ್ನು ಕೊಂಡೆ. ಮರಳುವಾಗ ಬಸ್ಸಿನಲ್ಲಿ ನಾನು ಅದರ ಇಂಗ್ಲಿಷ್ ಪುಸ್ತಕ ಓದುತ್ತ ಬಂದೆ. ಘಟ್ಟ ಏರುವಾಗ ತಲೆ ತಿರುಗಿ ಇಪ್ಪತ್ತನೆಯ ಪುಟದಲ್ಲಿ ನಿಲ್ಲಿಸಿದ್ದು, ಮತ್ತೆ ತೆರೆಯಲಿಲ್ಲ.

ಎರಡು ತಿಂಗಳು ಆ ಪೆಟ್ಟಿಗೆಯನ್ನು ಕೈಗೆ ಕಟ್ಟಿಕೊಂಡೇ ಪೇಟೆ ತಿರುಗಿದೆ. ನೇಸರಗಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳು ಗಂಟೆ ಎಷ್ಟೆಂದು ಕೇಳಿದರೆ ಅದರ ವಿಷಯವನ್ನೆಲ್ಲ ವಿವರಿಸಿದೆ. ಅವಳು ಸಮಾಧಾನದಿಂದ ಕೇಳಿ, "ಅಂದ್ರ ಇದ್ರಾಗ ಟೈಮ್ ಇಲ್ಲನ್ರಿ?" ಎಂದಳು.

ಮುಂದಿನ ಬೇಸಿಗೆಯ ಕೊನೆಗೆ ಸವದತ್ತಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂತು. ಮಲಪ್ರಭೆಯ ಹಿನ್ನೀರಿನ ದಂಡೆಯ ಊರು. ನೀರೊಳಗೆ ಕಟ್ಟಿದ ಆಳವಾದ ಬಾವಿಯಿಂದ ಊರಿಗೆ ಕುಡಿಯುವ ನೀರು ಏರುತ್ತಿತ್ತು. ಆ ಬಾವಿಗೆ ನೀರು ಒಳಬರುವ ತೂತಿನ ಜಾಳಿಗೆಗೆ ಏನೋ ಕಟ್ಟಿಕೊಂಡು, ನಾಲ್ಕು ದಿನದಿಂದ ನಲ್ಲಿ ಒಣಗಿದ್ದವು. ಜನ ದಂಡೆಯ ರಾಡಿ ನೀರನ್ನೇ ಸೋಸಿ ಕುಡಿಯುತ್ತಿದ್ದರು. ಮಕ್ಕಳಿಗೆ ವಾಂತಿ ಭೇದಿ ಸುರುವಾಗಿತ್ತು.

ನಾವು ಹೋದಾಗ ದಂಡೆಯ ಮೇಲೆ ಅರ್ಧ ಊರು ಕೊಡ ಹಿಡಿದು ನಿಂತಿತ್ತು. ತೊಂದರೆ ಏನೆಂದರೆ ರಾಜೇಸಾಬರಿಗೆ ನೆಗಡಿಯಾಗಿ ಕಿವಿ ಕಟ್ಟಿದ್ದವು. ಅಂಥವರು ಆಳಕ್ಕೆ ಇಳಿದರೆ ಕಿವಿಯ ತಮಟೆ ಹರಿಯುತ್ತದೆ. ನಾನೊಬ್ಬನೇ ಇಳಿಯಬೇಕು. ನಾನು ಕೆಳಗಿದ್ದಾಗ ಯಾರೂ ಚಾಲೂ ಮಾಡಬಾರದೆಂದು ಅವರು ಮೋಟರಿನ ಫ್ಯೂಜುಗಳನ್ನು ಕಿತ್ತು ತಮ್ಮ ಕಿಸೆಗೆ ಹಾಕಿಕೊಂಡರು, ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು. ಒಂದು ಸಲ ಜಗ್ಗಿದರೆ ಕ್ಷೇಮ, ಎರಡು ಸಲ ಜಗ್ಗಿದರೆ ಮೇಲೆ ಬಾ.

"ಇವತ್ತ ನನ್ನ ಮುಳ್ಳಿನ ಮೀಟರ್ ಹಾಕ್ಕೋ" ಎಂದರು.

"ಬ್ಯಾಡ್ರಿ ಭಾಯಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿದರು. ಊರ ಮುಂದೆ ಹೇಳಿದರಲ್ಲ ಎಂದು ನನಗೆ ಸಿಟ್ಟು ಬಂತು. "ನಂದು ನನಗ ಗೊತ್ತೈತ್ರಿ" ಎಂದವನೇ ಏಣಿ ಇಳಿದೆ.

ಮೂವತ್ತೈದು ಅಡಿ ಕೆಳಗೆ ಟಾರ್ಚಿನ ಬೆಳಕು ಚಹಾದೊಳಗೆ ಬಿದ್ದಂತೆ ಕಂದಾಗಿತ್ತು. ಜಾಳಿಗೆಗೆ ಜೊಂಡು, ಗೊಬ್ಬರದ ಚೀಲ, ಯಾರದೋ ಹಳೇ ಸೀರೆ, ಹಗ್ಗದ ತುಂಡು ಎಲ್ಲ ಹೆಣೆದುಕೊಂಡು ಕೌದಿಯಂತಾಗಿದ್ದವು. ಕುಡಗೋಲಿನಿಂದ ಕೊಯ್ದಷ್ಟೂ ರಾಡಿ ಏಳುತ್ತಿತ್ತು. ನಡುನಡುವೆ ಕೈಯನ್ನು ಕನ್ನಡಿಗೆ ತಾಗಿಸಿ ಅಂಕಿ ನೋಡುತ್ತಿದ್ದೆ. ನೂರಾ ಇಪ್ಪತ್ತು. ಮತ್ತಷ್ಟು ಕೊಯ್ದು ನೋಡಿದೆ, ನೂರಾ ಇಪ್ಪತ್ತು. ಇನ್ನೂ ಒಂದಿಷ್ಟು ಹೊತ್ತಾದ ಮೇಲೂ ನೂರಾ ಇಪ್ಪತ್ತು.

ನನಗೆ ಏನನಿಸಿತೆಂದು ಹೇಳಿಬಿಡುತ್ತೇನೆ, ನಗಬೇಡಿ. ಹೆಮ್ಮೆ ಅನಿಸಿತು. ಆ ವರ್ಷ ಬೈಲಹೊಂಗಲದಲ್ಲಿ ಎಂಟು ದಿನದ ಪ್ರಾಣಾಯಾಮದ ಶಿಬಿರ ನಡೆದಿತ್ತು. ನಾನು ಮೂರನೆಯ ದಿನಕ್ಕೇ ಬಿಟ್ಟಿದ್ದೆ. ಮೂರೇ ದಿನದ ಅಭ್ಯಾಸಕ್ಕೆ ಉಸಿರು ಇಷ್ಟು ಹತೋಟಿಗೆ ಬಂತಲ್ಲ, ಎಂಟೂ ದಿನ ಹೋಗಿದ್ದರೆ ಸಿಲಿಂಡರೇ ಬೇಕಾಗುತ್ತಿರಲಿಲ್ಲ ಎಂದುಕೊಂಡೆ. ಅಂಕಿ ಮಿಣುಕುತ್ತಿತ್ತು. ಕಣ್ಣ ಮುಂದೆ ರಾಡಿ ಹಾಯುವುದರಿಂದ ಹಾಗೆ ಕಾಣುತ್ತದೆ ಎಂದು ತಿಳಿದೆ. ಮಿಣುಕುವ ಅಂಕಿ ನಂಬುವಂಥದ್ದಲ್ಲ ಎಂದು ನನ್ನ ಮನೆಯ ಗೋಡೆ ವರ್ಷಗಟ್ಟಲೆ ಹೇಳಿತ್ತು. ಸುದ್ದಿ ನಿಂತಾಗ ಯಂತ್ರ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ಮಿಣುಕುತ್ತದೆ ಎಂಬುದು ಪುಸ್ತಕದ ಇಪ್ಪತ್ತೊಂದನೆಯ ಪುಟದಲ್ಲಿತ್ತು.

ಹಗ್ಗ ಎರಡು ಸಲ ಜಗ್ಗಿತು. ಮೇಲೆ ಬಾ. ನಾನು ಒಂದೇ ಸಲ ಜಗ್ಗಿ ಕ್ಷೇಮ ಎಂದೆ. ಮತ್ತೆ ಎರಡು ಸಲ ಜಗ್ಗಿತು, ಜೋರಾಗಿ. ಭಾಯಿಗೆ ಹೊಸ ಯಂತ್ರದ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡು ನಾನೂ ಒಂದು ಸಲ ಜೋರಾಗಿಯೇ ಜಗ್ಗಿದೆ.

ಆಮೇಲೆ ಒಂದು ಉಸಿರು ಬಿಗಿಯಾಗಿ ಬಂತು. ಮುಂದಿನದು ಇನ್ನೂ ಬಿಗಿ, ಗಟ್ಟಿ ಮೊಸರನ್ನು ನಳಿಗೆಯಿಂದ ಹೀರಿದಂತೆ. ಅದರ ಮುಂದಿನದು ಅರ್ಧಕ್ಕೇ ನಿಂತಿತು. ಕೈ ನೋಡಿಕೊಂಡೆ. ನೂರಾ ಇಪ್ಪತ್ತು! ಆ ಗಳಿಗೆಯಲ್ಲೂ ಅಂಕಿಯನ್ನೇ ನಂಬಿ, ತಪ್ಪು ನನ್ನ ಪುಪ್ಪುಸದ್ದೇ ಇರಬೇಕೆಂದುಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಅಷ್ಟರಲ್ಲಿ ಸೊಂಟದ ಹಗ್ಗ ಬಿಗಿದು ನನ್ನ ಕಾಲು ನೆಲ ಬಿಟ್ಟವು. ಯಾರನ್ನೂ ಕೇಳದೆ ರಾಜೇಸಾಬರು ಎಳೆಯತೊಡಗಿದ್ದರು. ಮೇಲೆ ಬರುವಾಗ ಉಸಿರು ಹಿಡಿಯಬೇಡ, ಬಿಡುತ್ತ ಬಾ ಎಂದು ಅವರು ಬಾವಿಯಲ್ಲಿ ನೂರು ಸಲ ಬೈದು ಕಲಿಸಿದ್ದರು. ಅದೊಂದು ನೆನಪಿತ್ತು.

ಮೇಲೆ ಬಂದು ಕಟ್ಟೆಯ ಮೇಲೆ ಕವುಚಿ ಬಿದ್ದೆ. ಎಳೆದು ಎಳೆದು ರಾಜೇಸಾಬರ ಅಂಗೈ ಸುಲಿದಿತ್ತು. ನೀಲವ್ವ ಎಂಬ ಮುದುಕಿ ಹತ್ತಿರ ಬಂದು, "ಬಾವ್ಯಾಗ ಬಿದ್ದ ಕೊಡಾ ಎತ್ತಿದಂಗ ಎತ್ತಿದ್ರಲ್ಲೋ ಎಪ್ಪಾ ನಿನ್ನ!" ಎಂದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮಷೀನ್ ಕೈ ಕೊಡ್ತು" ಎಂದೆ ನಾನು. "ಕಂಪನಿಯವರ ಮಾಲನ ಸರಿ ಇಲ್ಲ."

ರಾಜೇಸಾಬರು ತಮ್ಮ ಅಂಗಿಯ ಗುಂಡಿ ಬಿಚ್ಚತೊಡಗಿದರು. ಇನ್ನೊಂದು ಸಿಲಿಂಡರು ಇತ್ತು, ಕೆಲಸ ಅರ್ಧ ಉಳಿದಿತ್ತು. ತಾವೇ ಇಳಿಯುವ ವಿಚಾರ.

"ಕಿವಿ ಹೋಕ್ಕಾವ್ರಿ ಭಾಯಿ."

"ಒಂದ ಕಿವಿ ಹೋದ್ರ ಇನ್ನೊಂದ ಐತಿ."

ನೀಲವ್ವ ತಂಬಿಗೆಯಲ್ಲಿ ಮಜ್ಜಿಗೆ ತಂದು ನನ್ನ ಕೈಗಿಟ್ಟಳು. ಊರಿಗೇ ನೀರಿಲ್ಲದಾಗ ಅದು ಸಣ್ಣ ಮಾತಲ್ಲ. "ಕುಡಿ ತಮ್ಮಾ. ನೀರ ಬರದಿದ್ರ ಬಿಡವಲ್ದ್ಯಾಕ, ಜೀವಾ ದೊಡ್ಡದು. ನನ್ನ ಮೊಮ್ಮಗಳೂ ಮಲಗಿ ಬಿಟ್ಟೈತಿ ನಿನ್ನೆಯಿಂದ, ನೀನೂ ಮಲಗಬ್ಯಾಡ" ಎಂದಳು. ಬೈದಿದ್ದರೆ ಎದ್ದು ಮನೆಗೆ ಹೋಗುತ್ತಿದ್ದೆ. ಮಜ್ಜಿಗೆ ಕುಡಿದು ತಂಬಿಗೆ ತಿರುಗಿ ಕೊಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳಿರೆಂದು ರಾಜೇಸಾಬರಿಗೆ ಹೇಳಿದೆ.

ಒಂದೂವರೆ ತಾಸು ಸುಧಾರಿಸಿಕೊಂಡು, ಎರಡನೆಯ ಸಿಲಿಂಡರು ಕಟ್ಟಿಕೊಂಡೆ. ಈ ಸಲ ಮುಳ್ಳಿನ ಮೀಟರನ್ನು ನಾನೇ ಕೇಳಿದೆ. ಅವಸರದಲ್ಲಿ ಗಾಳಿಯ ಚಾವಿ ತಿರುಗಿಸಿ, ಮುಳ್ಳು ಇನ್ನೂರಕ್ಕೆ ಏರಿದ್ದನ್ನು ನೋಡಿ ಏಣಿಯ ಕಡೆ ಹೊರಟೆ.

"ನಿಂದ್ರು" ಎಂದರು ರಾಜೇಸಾಬರು. "ಮುಳ್ಳ ನೋಡಕೋತ ಮೂರ ಉಸರ ಎಳಿ."

ಎಳೆದೆ. ಪ್ರತಿ ಉಸಿರಿಗೂ ಮುಳ್ಳು ಸರ್ರನೆ ಕೆಳಗೆ ಬಿದ್ದು ಮತ್ತೆ ಮೇಲೇಳುತ್ತಿತ್ತು.

"ಹೆಂಗ ತಲಿ ಬಗ್ಗಸಾಕತ್ತೈತಿ ನೋಡು. ಚಾವಿ ಪೂರಾ ತಗದಿಲ್ಲ ನೀ. ಮ್ಯಾಲ ಉಸರ ಬರತೈತಿ, ತೆಳಗ ಹೋದ ಮ್ಯಾಲ ಸಾಲೂದಿಲ್ಲ."

ಅವರೇ ಚಾವಿಯನ್ನು ಪೂರ್ತಿ ತಿರುಗಿಸಿದರು. ಮತ್ತೆ ಮೂರು ಉಸಿರು ಎಳೆದೆ. ಮುಳ್ಳು ಅಲುಗಲಿಲ್ಲ.

ಆ ಎರಡನೆಯ ಇಳಿತದಲ್ಲಿ ಜಾಳಿಗೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಹೆಚ್ಚು. ಹಸಿರಾಗಿ ಹೊಳೆಯುವ ಮುಳ್ಳು, ತೂಕಡಿಸುವ ಅಜ್ಜನ ತಲೆಯಂತೆ ನಿಧಾನ ಇಳಿಯುತ್ತಿತ್ತು. ಇಳಿಯುತ್ತಿದೆಯಲ್ಲ ಎಂಬುದೇ ದೊಡ್ಡ ಸಮಾಧಾನ. ಕೊನೆಗೆ ಆ ಸೀರೆಯ ಗಂಟು ಕಡಿದು ಎಳೆದಾಗ ಜಾಳಿಗೆಯ ಮೂಲಕ ನೀರು ನನ್ನ ಕೈಯನ್ನು ಒಳಕ್ಕೆ ಸೆಳೆಯಿತು. ಮುಳ್ಳು ಎಂಬತ್ತರ ಮೇಲಿತ್ತು. ಈ ಸಲ ಯಾರೂ ಜಗ್ಗುವ ಮೊದಲೇ ನಾನೇ ಮೇಲೆ ಬಂದೆ. ರಾಜೇಸಾಬರು ಕಿಸೆಯಿಂದ ಫ್ಯೂಜು ತೆಗೆದು ಹಾಕಿದರು. ಮೋಟರು ಗುಂಯ್ಯೆಂದಿತು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಹೆಂಗಸರ ಕೂಗು ಕೇಳಿತು. ಜಗಳದ ಕೂಗು. ನಲ್ಲಿಯ ಮುಂದೆ ಪಾಳಿಗಾಗಿ ಜಗಳ ಸುರುವಾಗಿತ್ತು. ಅಷ್ಟು ಇಂಪಾದ ಜಗಳ ನಾನು ಮತ್ತೆ ಕೇಳಿಲ್ಲ.

ಮುಂದಿನ ವಾರ ಆ ಯಂತ್ರವನ್ನು ಒಬ್ಬನೇ ಗೋವಾಕ್ಕೆ ಒಯ್ದೆ. ಜಗಳ ಮಾಡುವ ಉಮೇದಿತ್ತು. ಅಂಗಡಿಯ ಮುದುಕ ಸಿಲಿಂಡರಿನ ಬಳಿಯ ಗುಬಟಿನ ಮುಚ್ಚಳ ತೆಗೆದು, ಸೆಲ್ಲಿನ ಸುತ್ತ ಇರುವ ರಬ್ಬರಿನ ಬಳೆಯನ್ನು ದೀಪಕ್ಕೆ ಹಿಡಿದ. ಅದಕ್ಕೆ ಬಿಳಿ ದಾರದ ಒಂದು ಎಳೆ ಅಂಟಿತ್ತು. ಕೂದಲಿನಷ್ಟು ಸಣ್ಣದು. ಆ ಎಳೆಯ ಗುಂಟ ನೀರು ಒಳಗೆ ಇಳಿದು ಸೆಲ್ಲು ಕೆಟ್ಟಿತ್ತು. "ಇದನ್ನು ಯಾರು ಬಿಚ್ಚಿದರು?" ಎಂದು ಕೇಳಿದ.

ಇಲ್ಲಿಯವರೆಗೆ ನಿಮಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಇದು. ಬಿಚ್ಚಿದವನು ನಾನೇ. ಆ ಹಳ್ಳಿಗೆ ಹೋಗುವ ಮುಂಚಿನ ದಿನ, ಯಂತ್ರಕ್ಕೆ ಏನೂ ಆಗಿರಲಿಲ್ಲ, ಸುಮ್ಮನೆ ಕೈ ತುರಿಸಿತು. ಒಳಗೆ ಹೇಗಿದೆ ನೋಡೋಣ ಎಂದು ಅಂಗಡಿಯಲ್ಲಿ ಮುಚ್ಚಳ ತೆಗೆದು, ಸೆಲ್ಲಿನ ಶಕ್ತಿ ಅಳೆದು, ನನ್ನ ಹಳೇ ಬನಿಯನ್ನಿನ ತುಂಡಿನಿಂದ ಎಲ್ಲ ಒರೆಸಿ ಮುಚ್ಚಿದ್ದೆ. ಕೆಡದೆ ಇದ್ದದ್ದನ್ನು ರಿಪೇರಿ ಮಾಡಿದ್ದೆ. ಯಂತ್ರ ಒಳ್ಳೆಯದೇ ಇತ್ತು. ಹೊಸ ಸೆಲ್ಲು, ಹೊಸ ಬಳೆ ಹಾಕಿದ ಮೇಲೆ ಎಷ್ಟೋ ವರ್ಷ ನಡೆಯಿತು.

ಗೋವಾದಿಂದ ಬಂದವನು ಬೈಲಹೊಂಗಲಕ್ಕೆ ಇಳಿಯದೆ ನೇರ ಮುರಗೋಡಕ್ಕೆ ಹೋದೆ. ರಾಜೇಸಾಬರು ಮನೆಯ ಮುಂದೆ ಬೇವಿನ ನೆರಳಿನಲ್ಲಿ ಹಗ್ಗ ಬಿಸಿಲಿಗೆ ಹಾಕಿ ಕೂತಿದ್ದರು. ಅಂಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಮಾತನ್ನು ಸುತ್ತುಬಳಸಿ ಸುರು ಮಾಡಿದೆ. ಕಂಪನಿ, ರಬ್ಬರು, ಹವಾಮಾನ ಎಲ್ಲ ಬಂತು. ಕೊನೆಗೆ, "ಭಾಯಿ, ಕಂಪನಿಯವ್ರದು ತಪ್ಪಿಲ್ರಿ. ನಾನ ಬಿಚ್ಚಿದ್ನಿ" ಎಂದೆ.

"ಗೊತ್ತೈತಿ" ಎಂದರು.

"ಹೆಂಗ್ರಿ?"

"ಅವತ್ತ ಸಂಜೀಕ ನಿನ್ನ ಅಂಗಡಿಗೆ ಬಂದಿದ್ದೆ. ನೀ ಬನಿಯನ್ ಹಿಡಕೊಂಡ ಅದನ್ನ ಒರಸಾಕ ಹತ್ತಿದ್ದಿ. ಬಾಗಲದಾಗ ನಿಂತ ನೋಡಿ ಹಂಗ ಹೊಳ್ಳಿ ಹೋದೆ. ಅದಕ್ಕ ಮರುದಿನಾ ಗಡಿಯಾರ ನೋಡಕೋತ ಕುಂತಿದ್ದೆ ಮ್ಯಾಲ. ಹತ್ತ ನಿಮಿಷಕ್ಕ ಇಷ್ಟ ಗಾಳಿ ಅಂತ ಲೆಕ್ಕಾ ಹಿಡದ."

ನನಗೆ ಮೊದಲು ನಾಚಿಕೆಯಾಯಿತು, ಬೆನ್ನಿಗೇ ಸಿಟ್ಟು ಬಂತು. "ಮತ್ತ ನನಗ ಅಲ್ಲೇ ಯಾಕ ಹೇಳಲಿಲ್ರಿ? ಬಿಚ್ಚಿದ ಮಷೀನ್ ತಗೊಂಡ ಇಳೀಬ್ಯಾಡ ಅಂತ?"

ಅವರು ಹಗ್ಗದ ತುದಿ ಎತ್ತಿಕೊಂಡು ಸುತ್ತತೊಡಗಿದರು.

"ಊರ ಮಂದಿ ಮುಂದ ನಿನ್ನ ಮಾನಾ ಕಳೀಬಾರದು ಅಂದ್ಕೊಂಡೆ. ಎರಡ ಸಲ ಮುಳ್ಳಿಂದು ತಗೋ ಅಂದೆ, ಮೂರನೇ ಸಲ ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ನೀ ಬಿಚ್ಚಿದ್ದಕ್ಕಿಂತ ದೊಡ್ಡ ತಪ್ಪು. ಅವತ್ತಿನಿಂದ ನಿನ್ನ ಮಾರಿ ಹೆಂಗ ನೋಡಲಿ ಅಂತ ಕುಂತೇನಿ, ಈರಣ್ಣ."

ನಾನು ತಪ್ಪೊಪ್ಪಿಕೊಳ್ಳಲು ಹೋದವನು. ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಹಗ್ಗದ ಇನ್ನೊಂದು ತುದಿ ಹಿಡಿದು ಸುತ್ತತೊಡಗಿದೆ. ಒಳಗಿನಿಂದ ಅವರ ಮನೆಯಾಕೆ ಚಹಾ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, "ಏನ್ರಿ, ಮತ್ತ ಏನ ಮುಳುಗಿಸಿ ಬಂದ್ರಿ?" ಎಂದು ಕೇಳಿದರು.

"ಏನಿಲ್ರಿ ಭಾಭಿ" ಎಂದೆ. "ಎತ್ತಾಕತ್ತೇವಿ."